ಗಂಧವಿಲ್ಲದ ನೊರೆದ್ರವಕ್ಕೆ ಗಂಧ-ವರ್ಣಗಳನ್ನು ಕೂಡಿಸುವ ಬಗೆ

ಬೆಂಗಳೂರಿನ ರಾಸಾಯನಿಕ ಪದಾರ್ಥಗಳ ಅಂಗಡಿಗಳಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಒಂದು ಮಂದವಾದ ದ್ರವವು ಡಬ್ಬಿಗಳಲ್ಲಿ ಮಾರಾಟಕ್ಕೆ ದೊರೆಯುತ್ತದೆ. ನೀರಿಗೆ ಒಂದಿಷ್ಟು ಹಾಕಿ ಕಲಕಿದರೆ ರಾಶಿರಾಶಿಯಾಗಿ ನೊರೆ ಏಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಇಂತಹ ದ್ರವವನ್ನು ಬೆರೆಸಿ, ನೊರೆಯ ನಡುವೆ ಕುಳಿತು ಮೀಯುವ ಪದ್ಧತಿಯುಂಟು. ಅದಕ್ಕೆ ಬಬಲ್ ಬಾತ್ ಎಂದು ಹೆಸರು. ಹೊಸೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿಗಳ ನಮ್ಮ ಮನೆಗಳಲ್ಲಿ ಸ್ನಾನವೆಂದರೆ ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿಕೊಂಡು ಚೊಂಬಿನಿಂದ ಮೈಮೇಲೆ ಹುಯ್ದುಕೊಳ್ಳುವುದಷ್ಟೆ. ಆದುದರಿಂದ ಈ ದ್ರವವು ನಮ್ಮಲ್ಲಿ ಮೈತೊಳೆಯುವ ದ್ರವಸಾಬೂನಾಗಿಯೇ ಬಳಕೆಯಾಗುವುದು. ಮನೆಯ ಖರ್ಚಿಗೆಂದೂ, ಮಹಿಳಾ ಸ್ವಸಹಾಯ ಸಂಘಗಳಲ್ಲಿ ನಾಲ್ಕು ಕಾಸು ಸಂಪಾದಿಸುವ ದಾರಿಯೆಂದೂ ಇದಕ್ಕೆ ಸುಗಂಧವನ್ನೂ ಬಣ್ಣವನ್ನೂ ಬೆರೆಸಲು ತೊಡಗಿರುವ ತಾಯಂದಿರು ಉಂಟು. ನೋಡಿದರೆ ಇದು ಪಾನಕ ಕಲಸಿದಷ್ಟು ಸುಲಭವಾದ ಕೆಲಸ. ಆದರೆ ಪಾನಕದಲ್ಲಿ ಬೆಲ್ಲ ಹೆಚ್ಚಾದರೆ ನಾಲಗೆ ಒಡನೆಯೇ ಹೇಳುತ್ತದೆ. ಸುಗಂಧತೈಲ ಹೆಚ್ಚಾದುದನ್ನು ಮಗುವಿನ ಚರ್ಮವು ಕೆಲವೊಮ್ಮೆ ವಾರ ಕಳೆದ ಮೇಲೆ ಹೇಳುತ್ತದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಾಬೂನು ಮತ್ತು ಮಾರ್ಜಕಗಳ ಪಾಠವನ್ನು ಓದುವ ವಿದ್ಯಾರ್ಥಿಗಳು ಆ ಪಾಠವನ್ನು ಮನೆಯ ಬಚ್ಚಲಿನವರೆಗೆ ಕೊಂಡೊಯ್ಯಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದೆ.

ಮೊದಲು ಆ ದ್ರವವೆಂದರೇನೆಂಬುದನ್ನು ತಿಳಿಯೋಣ. ಅದರ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ ಇವೆಯೆಂದು ಭಾವಿಸಿರಿ. ತಲೆಗೆ ನೀರೆಂದರೆ ಪ್ರೀತಿ. ಬಾಲಕ್ಕೆ ಎಣ್ಣೆಯೆಂದರೆ ಪ್ರೀತಿ. ನೀರಿನಲ್ಲಿ ಇಂತಹ ಅಣುಗಳು ಹಲವು ಸೇರಿದಾಗ ಬಾಲಗಳನ್ನೆಲ್ಲ ಒಳಗಿಟ್ಟು ತಲೆಗಳನ್ನು ಹೊರಗೆ ಚಾಚಿ ಗುಚ್ಛಗಳಾಗಿ ನಿಲ್ಲುತ್ತವೆ. ಮೈಯ ಜಿಡ್ಡು ಆ ಗುಚ್ಛದ ಒಳಗೆ ಸೇರಿಕೊಂಡು ನೀರಿನೊಡನೆ ಹರಿದುಹೋಗುವುದು. ನಾವು ಬೆರೆಸುವ ಸುಗಂಧತೈಲವೂ ಎಣ್ಣೆಯೇ ಆದುದರಿಂದ ಅದು ಕರಗಿದಂತೆ ಕಾಣುವುದು ಇದೇ ಗುಚ್ಛಗಳ ಒಳಗೆ ಅಡಗಿರುವುದರಿಂದ. ಸಂತೆಯ ದಿನದ ಬಸ್ಸನ್ನು ನೆನೆಯಿರಿ. ಆಸನಗಳಿರುವಷ್ಟು ಮಂದಿ ಸುಖವಾಗಿ ಕೂರುತ್ತಾರೆ, ಇನ್ನಷ್ಟು ಮಂದಿ ನಿಂತು ಬರುತ್ತಾರೆ. ಮಿತಿ ಮೀರಿದಾಗ ಬಾಗಿಲಲ್ಲಿ ಜೋತುಬೀಳುತ್ತಾರೆ. ತೈಲವೂ ಹಾಗೆಯೇ. ಗುಚ್ಛಗಳಲ್ಲಿ ಎಡೆ ಇರುವ ತನಕ ದ್ರವ ತಿಳಿಯಾಗಿರುವುದು. ಎಡೆ ಮುಗಿದೊಡನೆ ಮಬ್ಬಾಗಿ, ಕೊನೆಗೆ ತೈಲವು ಮೇಲೆ ತೇಲುವುದು. ತೇಲಿದ ತೈಲವನ್ನು ಮೊದಲು ಬಳಸಿದವರ ಮೈಗೆ ಅದು ಅಚ್ಚ ತೈಲವಾಗಿಯೇ ತಗಲುವುದೆಂಬುದನ್ನು ಗಮನಿಸತಕ್ಕದ್ದು.

ಸಾಬೂನಿಗೂ ಈ ದ್ರವಕ್ಕೂ ಎರಡು ಮುಖ್ಯ ಭೇದಗಳಿವೆ. ಸಾಬೂನು ಎಣ್ಣೆಯನ್ನು ಕ್ಷಾರದೊಡನೆ ಕೂಡಿಸಿ ಮಾಡಿದ್ದು. ಅದರ ದ್ರಾವಣ ಸ್ವಲ್ಪ ಕ್ಷಾರವೇ, ಪಿ.ಎಚ್. ಮಾನದಲ್ಲಿ 9ರಿಂದ 10ರವರೆಗೆ ಇರುವುದು. ನಮ್ಮ ಚರ್ಮದ ಮೇಲ್ಮೈಯಾದರೋ ಕೊಂಚ ಆಮ್ಲ, ಸುಮಾರು 5. ಸೋಡಿಯಂ ಲಾರೆತ್ ಸಲ್ಫೇಟ್ ಮೊದಲಾದ ಕೃತಕ ಮಾರ್ಜಕಗಳಿಂದ ಮಾಡಿದ ನೊರೆದ್ರವವನ್ನು ಚರ್ಮಕ್ಕೆ ಹತ್ತಿರವಾಗುವಂತೆ 5ರಿಂದ 7ರ ನಡುವೆ ಇರಿಸಬಹುದು. ಎರಡನೆಯದು ನೀರಿಗೆ ಸಂಬಂಧಿಸಿದುದು. ನಮ್ಮ ಸೀಮೆಯ ಕಲ್ಲುನೆಲದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಮೊಸರೊಡೆದಂತಹ ಗಸಿಯಾಗುತ್ತವೆ, ನೊರೆ ಏಳದು. ಮಳೆನೀರಿನಲ್ಲಿ ತಲೆ ತೊಳೆದರೆ ಕೂದಲು ನಯವಾಗುವುದೆಂದು ಅಜ್ಜಿಯರು ಹೇಳುವ ಮಾತಿಗೆ ಇದೇ ಕಾರಣ. ಕೃತಕ ಮಾರ್ಜಕವು ಗಡಸುನೀರಿನಲ್ಲಿಯೂ ನೊರೆಯುವುದು. ಹಾಗೆಂದು ಹೆಚ್ಚು ನೊರೆ ಬಂದರೆ ಹೆಚ್ಚು ಶುದ್ಧಿಯೆಂದು ತಿಳಿಯಬಾರದು. ಸೀಗೆಕಾಯಿ, ಅಂಟುವಾಳಗಳ ಸಾಧಾರಣವಾದ ನೊರೆಯಲ್ಲಿಯೇ ನಮ್ಮ ಹಿರಿಯರು ಎಣ್ಣೆಸ್ನಾನದ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತಿದ್ದರು.

ಗಂಧಗಳನ್ನು ಹದವರಿತು ಬೆರೆಸುವ ವಿದ್ಯೆಗೆ ಗಂಧಯುಕ್ತಿಯೆಂಬ ಹಳೆಯ ಹೆಸರಿದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿಕೊಳ್ಳುವ ಲೆಕ್ಕವನ್ನು ಕೊಟ್ಟಿದ್ದಾನೆ. ಸುಗಂಧದ ಅಂಗಡಿಯಲ್ಲಿ ಹುಟ್ಟಿದ ಈ ಲೆಕ್ಕವನ್ನು ಗಣಿತದ ಚರಿತ್ರಕಾರರು ಇಂದಿಗೂ ಉಲ್ಲೇಖಿಸುತ್ತಾರೆ. ಕನ್ನಡದಲ್ಲಿಯೂ ಸುಮಾರು 1025ರಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರವೆಂಬ ಗ್ರಂಥದಲ್ಲಿ ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಜೊತೆಗೆ ಸುಗಂಧದ್ರವ್ಯಗಳ ವಿಷಯವೂ ಬಂದಿದೆ. (ಶ್ರವಣಬೆಳ್ಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನೇ ಬೇರೆ, ಈತನೇ ಬೇರೆ; ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇಬ್ಬರನ್ನು ಒಬ್ಬರನ್ನಾಗಿ ಮಾಡಬೇಡಿರಿ.) ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ರಾಜಭೋಗಗಳನ್ನು ವರ್ಣಿಸುವಾಗ ಸ್ನಾನವನ್ನೂ ಒಂದು ಭೋಗವೆಂದೇ ಎಣಿಸಿದ್ದಾನೆ.

ಈ ಕಾಲದಲ್ಲಿ ಕನ್ನಡನಾಡಿನಿಂದ ಲೋಕಪ್ರಸಿದ್ಧವಾದ ಸ್ನಾನದ ವಸ್ತುವೆಂದರೆ ಮೈಸೂರು ಗಂಧದ ಸಾಬೂನು. ಅದರ ಚರಿತ್ರೆ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದುದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರಿನ ಶ್ರೀಗಂಧದ ಕೊರಡುಗಳನ್ನು ಕೊಂಡು ತೈಲ ತೆಗೆಯುತ್ತಿದ್ದ ಯೂರೋಪಿನ, ವಿಶೇಷವಾಗಿ ಜರ್ಮನಿಯ ವ್ಯಾಪಾರ ನಿಂತುಹೋಯಿತು. ಮರ ಇಲ್ಲಿಯೇ ರಾಶಿ ಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಸಮಯದಲ್ಲಿ, ತೈಲವನ್ನು ಇಲ್ಲಿಯೇ ಬಟ್ಟಿ ಇಳಿಸುವ ಕೆಲಸವನ್ನು ಕೈಗೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಇದಕ್ಕೆ ನೆರವಾದರು. ತೈಲ ದೊರೆತ ಮೇಲೆ ಅದನ್ನು ಸಾಬೂನಿನಲ್ಲಿ ಸೇರಿಸುವ ಯೋಚನೆ ಬಂದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನವಿದರನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ತಂತ್ರವನ್ನು ಕಲಿಯಿಸಲಾಯಿತು. ಅವರು ಸೋಪು ಶಾಸ್ತ್ರಿಗಳೆಂದೇ ಪ್ರಸಿದ್ಧರಾದರು. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪಿತವಾಯಿತು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಮುದ್ರೆಯನ್ನು ಇಂದಿಗೂ ಆ ಸಾಬೂನಿನ ಮೇಲೆ ಕಾಣಬಹುದು. 1980ರಲ್ಲಿ ಈ ಉದ್ಯಮವು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು.

ಶಾಸ್ತ್ರಿಗಳನ್ನು ಸಮುದ್ರದಾಚೆಗೆ ಕಳುಹಿಸುವ ಅಗತ್ಯವೇನಿತ್ತು, ಗಂಧದ ಎಣ್ಣೆಯನ್ನು ಸಾಬೂನಿಗೆ ಸುರಿದರೆ ಸಾಲದೆ, ಎಂದು ಕೇಳಬಹುದು. ಸಾಲದು. ಪರಿಮಳವು ಕ್ಷಾರದಲ್ಲಿ ಕೆಡದಿರಬೇಕು. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದರೂ ಹಾರಿಹೋಗದಿರಬೇಕು. ಮೊದಲ ಬಿಲ್ಲೆಯೂ ಸಾವಿರದ ಬಿಲ್ಲೆಯೂ ಒಂದೇ ವಾಸನೆಯವಾಗಿರಬೇಕು. ಶ್ರೀಗಂಧದ ತೈಲಕ್ಕೆ ಈ ವಿಷಯದಲ್ಲಿ ಒಂದು ಹುಟ್ಟುಗುಣವಿದೆ. ಅದರಲ್ಲಿ ಹೆಚ್ಚಾಗಿರುವ ಸಾಂಟಲಾಲ್ ಎಂಬ ಪದಾರ್ಥವು ಬಹಳ ನಿಧಾನವಾಗಿ ಆವಿಯಾಗುವುದು. ತಾನು ನಿಲ್ಲುವುದಲ್ಲದೆ ಜೊತೆಯ ಗಂಧಗಳನ್ನೂ ಹಿಡಿದು ನಿಲ್ಲಿಸುವುದು. ನಿಂಬೆ, ಕಿತ್ತಳೆಗಳ ಸಿಪ್ಪೆಯ ಎಣ್ಣೆ ಇದಕ್ಕೆ ತದ್ವಿರುದ್ಧ. ಸೀಸೆ ತೆರೆದೊಡನೆ ಮೂಗಿಗೆ ಬಡಿದು ಕ್ಷಣದಲ್ಲಿ ಮಾಯವಾಗುವುದು. ಮಲ್ಲಿಗೆ, ಗುಲಾಬಿಗಳ ಗಂಧ ನಡುವಿನದು. ಆದುದರಿಂದ ಬಲ್ಲವರು ಬೇಗ ಹಾರುವುದು, ನಡುವೆ ನಿಲ್ಲುವುದು, ಕೊನೆಯವರೆಗೆ ಉಳಿಯುವುದು ಎಂಬ ಮೂರು ಬಗೆಗಳನ್ನೂ ಹದವಾಗಿ ಕೂಡಿಸುತ್ತಾರೆ.

ಹೊಸೂರೆಂದರೆ ಗುಲಾಬಿಯ ಊರು. ಇಲ್ಲಿನ ಹಸಿರುಮನೆಗಳ ಗುಲಾಬಿ ಹೊರದೇಶಗಳಿಗೂ ಹೋಗುತ್ತದೆ. ಆ ಹೂವಿನ ಎಸಳುಗಳನ್ನೇ ನೊರೆದ್ರವದಲ್ಲಿ ನೆನೆಹಾಕಿದರೆ ಹಣ ಉಳಿಯದೆ ಎಂದು ಒಬ್ಬ ಬುದ್ಧಿವಂತ ಹುಡುಗಿ ತರಗತಿಯಲ್ಲಿ ಕೇಳಿದಳು. ಪ್ರಶ್ನೆ ಒಳ್ಳೆಯದೇ. ಹೂದಾನಿಯಲ್ಲಿ ಬಹುದಿನ ಬಾಡದೆ ನಿಲ್ಲಲೆಂದು ಬೆಳೆಸಿದ ಉದ್ದಕಡ್ಡಿಯ ಗುಲಾಬಿಗಳಲ್ಲಿ ಪರಿಮಳ ಬಹಳ ಕಡಿಮೆ. ಅತ್ತರಿಗೆ ಬೇಕಾಗುವ ಗುಲಾಬಿಯ ಜಾತಿಯೇ ಬೇರೆ. ಅದರಿಂದಲೂ ಒಂದು ಕಿಲೋಗ್ರಾಂ ತೈಲ ಬರಬೇಕಾದರೆ ಮೂರು ನಾಲ್ಕು ಸಾವಿರ ಕಿಲೋಗ್ರಾಂ ಎಸಳು ಬೇಕು. ಮಲ್ಲಿಗೆಯನ್ನಂತೂ ಆವಿಯಲ್ಲಿ ಬಟ್ಟಿ ಇಳಿಸಿದರೆ ಅದರ ನವುರಾದ ಗಂಧವು ಬೆಂದು ಕೆಡುವುದು; ದ್ರಾವಕಗಳಿಂದ ಅದನ್ನು ಸೆಳೆದು ತೆಗೆಯುತ್ತಾರೆ. ಇನ್ನೂ ಮುಖ್ಯವಾದ ಮಾತೆಂದರೆ, ಹಸಿ ಎಸಳು, ಹಾಲು, ಜೇನು, ಲೋಳೆಸರದ ತಿರುಳು ಇವನ್ನು ದ್ರವದಲ್ಲಿ ಹಾಕಿದರೆ ಬರಿಗಣ್ಣಿಗೆ ಕಾಣದ ಜೀವಾಣುಗಳಿಗೆ ಔತಣವಿಟ್ಟಂತಾಗುವುದು. ಅಂಗಡಿಯ ದ್ರವದಲ್ಲಿರುವ ಸಂರಕ್ಷಕವು ಆ ದ್ರವಕ್ಕೆ ಸಾಕಾಗುವಷ್ಟಿರುವುದೇ ಹೊರತು ನಮ್ಮ ಹೆಚ್ಚುವರಿ ಔತಣಕ್ಕಲ್ಲ. ನೀರು ಬೆರೆಸಿ ಹೆಚ್ಚು ಮಾಡಿದರೂ ಇದೇ ಗತಿ. ಒಂದು ಡಬ್ಬಿಯನ್ನು ಎರಡು ಮಾಡುವ ಆಸೆಯನ್ನು ಇಲ್ಲಿ ಬಿಡಬೇಕು.

ಇನ್ನು ಪ್ರಮಾಣ. ತೊಟ್ಟುಗಳಲ್ಲಿ ಎಣಿಸುವ ಅಭ್ಯಾಸ ಸಲ್ಲದು. ಒಂದು ತೈಲದ ತೊಟ್ಟು ಸಣ್ಣದು, ಇನ್ನೊಂದರದು ದೊಡ್ಡದು. ಸೀಸೆಯ ಬಾಯಿಗೆ ತಕ್ಕಂತೆಯೂ ಬದಲಾಗುವುದು. ಗ್ರಾಮಿನ ಹತ್ತನೆಯ ಒಂದು ಭಾಗವನ್ನಾದರೂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗತಕ್ಕದ್ದು. ಮೈತೊಳೆಯಲು ಕೊಳ್ಳುವ ಸುಗಂಧವು ಚರ್ಮಕ್ಕೆ ಯೋಗ್ಯವೆಂದು ಮಾರಾಟವಾಗುವುದಾಗಿರಬೇಕು. ಊದುಬತ್ತಿಯ ಗಂಧ, ಕಾರಿನಲ್ಲಿ ತೂಗುಹಾಕುವ ಗಂಧ ಇವು ಕೂಡದು. ಅಂತರರಾಷ್ಟ್ರೀಯ ಸುಗಂಧ ಸಂಘವು ಯಾವ ಬಗೆಯ ವಸ್ತುವಿನಲ್ಲಿ ಯಾವ ಗಂಧದ್ರವ್ಯ ಎಷ್ಟರ ಮಟ್ಟಿಗೆ ಇರಬಹುದೆಂದು ಮಿತಿಗಳನ್ನು ಗೊತ್ತುಮಾಡಿದೆ. ಒಳ್ಳೆಯ ವ್ಯಾಪಾರಿಯನ್ನು ಕೇಳಿದರೆ ಆ ಮಿತಿಪತ್ರವನ್ನು ಕೊಡುತ್ತಾನೆ, ಕೊಡದವನಲ್ಲಿ ಕೊಳ್ಳಬೇಡಿರಿ. ಮಿತಿ ಹೆಚ್ಚಿದ್ದರೂ ಮನೆಯ ಬಳಕೆಗೆ ದೊಡ್ಡವರಿಗೆ ಶೇಕಡ ಅರ್ಧ ಸಾಕು. ಅಂದರೆ 500 ಗ್ರಾಂ ದ್ರವಕ್ಕೆ 2.5 ಗ್ರಾಂ. ಶಾಲೆಗೆ ಹೋಗುವ ಮಕ್ಕಳಿಗೆ ಅದರಲ್ಲಿಯೂ ಅರ್ಧ. ಕೈಗೂಸುಗಳಿಗೆ ಸುಗಂಧವೇ ಬೇಡ. ಮಗುವಿನ ಮೈಗೆ ಮಗುವಿನ ವಾಸನೆಯೇ ಭೂಷಣ.

ಅಡಿಗೆಮನೆಯಲ್ಲಿರುವುದೆಲ್ಲ ನಿರಪಾಯವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಸಾರಿನಲ್ಲಿ ಒಂದು ಚಕ್ಕೆ, ಎರಡು ಲವಂಗ ಹಾಕುವುದು ಬೇರೆ. ಅವುಗಳಿಂದ ಇಳಿಸಿದ ತೈಲ ಬೇರೆ. ದಾಲ್ಚಿನ್ನಿಯ ಎಣ್ಣೆ, ಲವಂಗದ ಎಣ್ಣೆ ಇವು ಚರ್ಮವನ್ನು ಸುಡುವಷ್ಟು ತೀಕ್ಷ್ಣ. ಕರ್ಪೂರವನ್ನು ನುಂಗಿದ ಚಿಕ್ಕ ಮಕ್ಕಳಿಗೆ ಸೆಳವು ಬರುವುದುಂಟು. ಆದುದರಿಂದ ಕರ್ಪೂರ, ನೀಲಗಿರಿ ತೈಲಗಳನ್ನು ಮಕ್ಕಳ ಸ್ನಾನದ ವಸ್ತುವಿನಲ್ಲಿ ಸೇರಿಸುವುದಿರಲಿ, ಸೀಸೆಯನ್ನೇ ಅವರ ಕೈಗೆಟುಕದಂತೆ ಇಡತಕ್ಕದ್ದು. ಹಳೆಯ ನಿಂಬೆ ಎಣ್ಣೆ, ಗಾಳಿಯಾಡಿ ಕೆಟ್ಟ ಕಿತ್ತಳೆ ಎಣ್ಣೆಗಳೂ ಅಪಾಯಕರ. ಒಂದು ಗಂಧದ್ರವ್ಯವು ದೇಹಕ್ಕೆ ಒಮ್ಮೆ ಒಗ್ಗದಂತಾಯಿತೆಂದರೆ, ಮುಂದೆ ಅದು ಎಷ್ಟು ಸ್ವಲ್ಪ ತಗಲಿದರೂ ತುರಿಕೆ ಏಳುವುದು. ಈ ಒಗ್ಗದಿಕೆ ಜೀವಮಾನವೆಲ್ಲ ಉಳಿಯಬಹುದು. ಹುಡುಗಿಯೊಬ್ಬಳು ಹತ್ತು ವರ್ಷದ ವಯಸ್ಸಿನಲ್ಲಿ ಪಡೆದ ತುರಿಕೆಯನ್ನು ಐವತ್ತರವರೆಗೂ ಹೊತ್ತುಕೊಂಡು ತಿರುಗುವಂತೆ ಮಾಡುವಷ್ಟು ಬೆಲೆಯುಳ್ಳ ಪರಿಮಳ ಯಾವುದಿದೆ?

ಬೆರೆಸುವ ಕ್ರಮವನ್ನು ಹೇಳುತ್ತೇನೆ. ಪಾತ್ರೆ, ಕಡ್ಡಿ, ಸೀಸೆಗಳನ್ನು ತೊಳೆದು ಪೂರ್ಣವಾಗಿ ಒಣಗಿಸಿರಿ. 500 ಗ್ರಾಂ ದ್ರವದಲ್ಲಿ ಒಂದು ಬಟ್ಟಲಿನಷ್ಟನ್ನು ಬೇರೆ ತೆಗೆದು, ತೂಗಿದ ಸುಗಂಧವನ್ನು ಅದರಲ್ಲಿ ಹಾಕಿ ಮೆಲ್ಲಗೆ ಕಲಸಿರಿ. ತಿಳಿಯಾದ ಮೇಲೆ ಉಳಿದುದರೊಡನೆ ಸೇರಿಸಿರಿ. ಮಜ್ಜಿಗೆ ಕಡೆದಂತೆ ಕಡೆಯಬಾರದು, ಪಾತ್ರೆಯೆಲ್ಲ ನೊರೆಯಾಗುವುದು. ಬಿಸಿಮಾಡುವ ಅಗತ್ಯವಿಲ್ಲ. ಕೆಲವು ಸುಗಂಧಗಳನ್ನು ಸೇರಿಸಿದೊಡನೆ ದ್ರವವು ನೀರಾಗುವುದು, ಕೆಲವಕ್ಕೆ ಇನ್ನೂ ಗಟ್ಟಿಯಾಗುವುದು. ನೀರಾದುದನ್ನು ಅಡಿಗೆ ಉಪ್ಪಿನಿಂದ ಗಟ್ಟಿಮಾಡುವ ಉಪಾಯವುಂಟು. ಲಾರೆತ್ ಸಲ್ಫೇಟಿನ ದ್ರವವು ಸ್ವಲ್ಪ ಉಪ್ಪಿಗೆ ಮಂದವಾಗುತ್ತದೆ, ಆದರೆ ಒಂದು ಮಿತಿ ದಾಟಿದೊಡನೆ ಮತ್ತೆ ತೆಳ್ಳಗಾಗಿಬಿಡುತ್ತದೆ, ಆಮೇಲೆ ಎಷ್ಟು ಉಪ್ಪು ಸುರಿದರೂ ಪ್ರಯೋಜನವಿಲ್ಲ. ಆದುದರಿಂದ ಮೊದಲು 50 ಗ್ರಾಂನಲ್ಲಿ ಪ್ರಯೋಗ ನಡೆಸಿ, ಒಂದು ದಿನವಿಡೀ ನೋಡಿ, ಅನಂತರ ದೊಡ್ಡ ಪಾತ್ರೆಗೆ ಕೈಹಾಕಿರಿ.

ಬಣ್ಣವು ಮೈಯನ್ನು ಶುದ್ಧಮಾಡುವುದಿಲ್ಲ. ಅದು ಕಣ್ಣಿನ ತೃಪ್ತಿಗೆ ಮಾತ್ರ. ಅದಿಲ್ಲದಿದ್ದರೂ ನಡೆಯುವುದೆಂದೇ ನನ್ನ ಅಭಿಪ್ರಾಯ. ಬೇಕೆನ್ನುವವರು ಬಟ್ಟೆಯ ಬಣ್ಣ, ಹೋಳಿಯ ಬಣ್ಣ, ರಂಗೋಲಿಪುಡಿಗಳನ್ನು ಎಂದಿಗೂ ಮುಟ್ಟಬಾರದು. ಕಾಂತಿವರ್ಧಕಗಳಲ್ಲಿ ಬಳಸಬಹುದಾದ ಬಣ್ಣಗಳ ಪಟ್ಟಿಯನ್ನು ಭಾರತೀಯ ಮಾನಕ ಸಂಸ್ಥೆಯು ಪ್ರಕಟಿಸಿದೆ. ಅದರಲ್ಲಿರುವ, ನೀರಿನಲ್ಲಿ ಕರಗುವ ಬಣ್ಣವೊಂದನ್ನು ಆರಿಸಿಕೊಳ್ಳಿರಿ. 1 ಗ್ರಾಂ ಬಣ್ಣವನ್ನು ಕುದಿಸಿ ಆರಿಸಿದ 99 ಗ್ರಾಂ ನೀರಿನಲ್ಲಿ ಕರಗಿಸಿದರೆ ಶೇಕಡ ಒಂದರ ದ್ರಾವಣ. ಇದರಲ್ಲಿ 1 ಗ್ರಾಂ ತೆಗೆದು 500 ಗ್ರಾಂ ದ್ರವಕ್ಕೆ ಹಾಕಿದರೆ ತಿಳಿಬಣ್ಣಕ್ಕೆ ಧಾರಾಳವಾಗಿ ಸಾಕು. ಟವೆಲಿಗೂ ಬಚ್ಚಲಿನ ನೆಲಕ್ಕೂ ಬಣ್ಣ ಹತ್ತಿತೆಂದರೆ ಹೆಚ್ಚಾಯಿತೆಂದೇ ಅರ್ಥ. ವೆನಿಲ್ಲಾದ ವಾಸನೆಯುಳ್ಳ ಸುಗಂಧವನ್ನು ಹಾಕಿದ ದ್ರವವು ಕೆಲವು ವಾರಗಳಲ್ಲಿ ತಾನಾಗಿಯೇ ಕಂದುಬಣ್ಣಕ್ಕೆ ತಿರುಗುವುದು. ಅದಕ್ಕೆ ನೀಲಿ ಹಾಕಿ ಅಂದ ಕಾಣುವ ಆಸೆ ವ್ಯರ್ಥ.

ಅರಿಸಿನವನ್ನು ಹಾಕಬಾರದೆ ಎಂದು ತಾಯಂದಿರು ಕೇಳುವುದು ಸಹಜ. ಇಲ್ಲಿ ಒಂದು ಸೊಗಸಾದ ಪಾಠವಿದೆ. ಆರತಿಯ ಓಕುಳಿಯನ್ನು ಮಾಡುವಾಗ ಅರಿಸಿನದ ನೀರಿಗೆ ಸುಣ್ಣ ಹಾಕಿದೊಡನೆ ಅದು ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಸುಣ್ಣ ಕ್ಷಾರ, ಅರಿಸಿನವು ಕ್ಷಾರದಲ್ಲಿ ಕೆಂಪು, ಆಮ್ಲದಲ್ಲಿ ಹಳದಿ. ಈಗ ಅರಿಸಿನ ಸವರಿ ಒಣಗಿಸಿದ ಎರಡು ಕಾಗದದ ಚೂರುಗಳನ್ನು ತೆಗೆದುಕೊಂಡು, ಒಂದರ ಮೇಲೆ ಬಟ್ಟೆ ಒಗೆಯುವ ಸಾಬೂನಿನ ನೀರನ್ನೂ, ಇನ್ನೊಂದರ ಮೇಲೆ ನಮ್ಮ ನೊರೆದ್ರವವನ್ನೂ ಬಿಡಿರಿ. ಮೊದಲನೆಯದು ಕೆಂಪಾಗುವುದು, ಎರಡನೆಯದು ಹಳದಿಯಾಗಿಯೇ ಉಳಿಯಬೇಕು. ಉಳಿಯದಿದ್ದರೆ ನಿಮಗೆ ಮಾರಿದ ದ್ರವ ಕ್ಷಾರವಾಗಿದೆ, ಮೈಗೆ ಬೇಡ. ಎರಡು ರೂಪಾಯಿಯೂ ಖರ್ಚಿಲ್ಲದ ಪರೀಕ್ಷೆ ಇದು. ಆದರೆ ಬಣ್ಣವಾಗಿ ಅರಿಸಿನ ನಿಲ್ಲದು: ಪುಡಿ ತಳಕ್ಕೆ ಇಳಿಯುವುದು, ಬಿಸಿಲಿಗೆ ಬಿಳಿಚುವುದು. ಬಣ್ಣದ ಬಾಳಿಕೆಯನ್ನು ತಿಳಿಯಲು ಒಂದೇ ದ್ರವವನ್ನು ಎರಡು ಸೀಸೆಗಳಲ್ಲಿ ತುಂಬಿ, ಒಂದನ್ನು ಕಿಟಕಿಯಲ್ಲಿಯೂ ಒಂದನ್ನು ಕತ್ತಲೆಯ ಬೀರುವಿನಲ್ಲಿಯೂ ಇಟ್ಟು, ಒಂದು ತಿಂಗಳ ಮೇಲೆ ಅಕ್ಕಪಕ್ಕದಲ್ಲಿ ಹಿಡಿದು ನೋಡಿರಿ. ಬಣ್ಣ ಹಾಕದ ಮೂರನೆಯ ಸೀಸೆಯೊಂದೂ ಇರಲಿ. ಹೋಲಿಕೆಗೆ ಏನೂ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ.

ತಯಾರಾದ ದ್ರವವನ್ನು ಮೊದಲು ಮಾಡಿದವರೇ ಮುಂಗೈಯ ಒಳಭಾಗಕ್ಕೆ ನೀರಿನೊಡನೆ ಹಚ್ಚಿ ತೊಳೆದುಕೊಳ್ಳಲಿ. ಹೀಗೆ ನಾಲ್ಕೈದು ದಿನ ಮಾಡಿಯೂ ಕೆಂಪು, ತುರಿಕೆ ಕಾಣದಿದ್ದರೆ ಮನೆಯವರು ಬಳಸಬಹುದು. ತೊಟ್ಟಿಯಲ್ಲಿ ನೊರೆ ತುಂಬಿ ಮಕ್ಕಳನ್ನು ಬಹಳ ಹೊತ್ತು ಕೂರಿಸುವುದು ಒಳ್ಳೆಯದಲ್ಲ. ಚರ್ಮಕ್ಕೂ ಮೂತ್ರದ್ವಾರಕ್ಕೂ ಉರಿಯಾಗಬಹುದು, ಹೆಣ್ಣುಮಕ್ಕಳಿಗೆ ವಿಶೇಷವಾಗಿ. ಅಮೆರಿಕದಲ್ಲಿ ಇಂತಹ ವಸ್ತುಗಳ ಸೀಸೆಯ ಮೇಲೆ ಈ ಎಚ್ಚರಿಕೆಯನ್ನು ಅಚ್ಚುಹಾಕಬೇಕೆಂದು ಕಾನೂನೇ ಇದೆ. ಮಾರಾಟದ ಯೋಚನೆಯುಳ್ಳ ಸಂಘಗಳವರು ಇನ್ನೊಂದನ್ನು ತಿಳಿದಿರಬೇಕು. ಮನೆಯಲ್ಲಿ ಬಳಸಲು ಮಾಡಿಕೊಳ್ಳುವುದು ಬೇರೆ, ಮಾರುವುದು ಬೇರೆ. ಮಾರಲೆಂದು ಕಾಂತಿವರ್ಧಕಗಳನ್ನು ತಯಾರಿಸಲು 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದ ಹಾಗೂ 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಸೀಸೆಯ ಮೇಲೆ ಒಳಗಿರುವ ದ್ರವ್ಯಗಳನ್ನೂ, ತಯಾರಾದ ದಿನವನ್ನೂ ಬರೆಯತಕ್ಕದ್ದು. ಮನೆಯಲ್ಲಿಯೇ ಬಳಸುವವರೂ ಇದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿದರೆ, ಯಾರಿಗಾದರೂ ತುರಿಕೆ ಬಂದಾಗ ವೈದ್ಯರ ಮುಂದೆ ಇಡಲು ಅದು ಸಾಕ್ಷಿಯಾಗುವುದು.

ಬಚ್ಚಲಿನಿಂದ ಹೊರಟ ನೊರೆ ಎಲ್ಲಿಗೆ ಹೋಗುವುದೆಂಬುದನ್ನು ಈ ಸೀಮೆಯ ಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಮಳೆಗಾಲದಲ್ಲಿ ತೂಬು ತೆರೆದಾಗ ಅಲ್ಲಿ ಮಂಜಿನ ಗುಡ್ಡದಂತೆ ನೊರೆ ಏಳುವುದನ್ನು ಈಚಿನ ಹಲವು ವರ್ಷಗಳಲ್ಲಿ ಎಲ್ಲರೂ ಕಂಡಿದ್ದಾರೆ. ಮನೆಗಳ, ಕಾರ್ಖಾನೆಗಳ ಕೊಳೆನೀರಿನಲ್ಲಿ ಬಂದ ಮಾರ್ಜಕಗಳು ಅದಕ್ಕೆ ಒಂದು ಮುಖ್ಯ ಕಾರಣ. ಹಿಂದೆ 1950ರ ದಶಕದಲ್ಲಿ ಬಳಕೆಯಲ್ಲಿದ್ದ ಕವಲುಬಾಲದ ಮಾರ್ಜಕಗಳನ್ನು ನೀರಿನ ಜೀವಾಣುಗಳು ಅರಗಿಸಲಾರದೆ, ಯೂರೋಪು ಅಮೆರಿಕಗಳ ನದಿಗಳು ನೊರೆಯಿಂದ ತುಂಬಿದ್ದವು. 1960ರ ದಶಕದ ನಡುವೆ ನೇರಬಾಲದ ಮಾರ್ಜಕಗಳು ಬಂದ ಮೇಲೆ ಅಲ್ಲಿ ಪರಿಸ್ಥಿತಿ ಸುಧಾರಿಸಿತು. ಇಂದಿನ ನೊರೆದ್ರವವು ಜೀವಾಣುಗಳಿಗೆ ಅರಗುವ ಜಾತಿಯದೇ. ಆದರೆ ಅರಗಿಸಲು ಅವಕ್ಕೆ ಕಾಲವೂ ಆಮ್ಲಜನಕವೂ ಬೇಕು. ಶುದ್ಧಿಮಾಡದೆ ಕೊಳೆನೀರನ್ನು ಹೊಳೆಗೆ ಬಿಟ್ಟರೆ ಎರಡೂ ದೊರೆಯವು. ಒಬ್ಬರ ಸ್ನಾನಕ್ಕೆ ಒಂದು ಚಮಚ ದ್ರವ ಸಾಕಾಗುವಲ್ಲಿ ನಾಲ್ಕು ಚಮಚ ಸುರಿದರೆ ಉಳಿದ ಮೂರು ಚಮಚ ಹೊಳೆಗೇ ಸೇರುವುದು. ಅಣೆಯ ಕೆಳಗೆ ಆ ನೀರನ್ನೇ ನಂಬಿ ಟೊಮ್ಯಾಟೊ, ಎಲೆಕೋಸು, ಹೂವು ಬೆಳೆಯುವ ರೈತರ ಮಕ್ಕಳು ನಮ್ಮ ಬೆಂಚುಗಳಲ್ಲಿಯೇ ಕುಳಿತಿದ್ದಾರೆ.

ಅಭ್ಯಾಸ. ಒಂದು: 750 ಗ್ರಾಂ ದ್ರವಕ್ಕೆ ಶೇಕಡ 0.4ರಂತೆ ಸುಗಂಧ ಬೇಕು. ಆ ಸುಗಂಧದಲ್ಲಿ ಶ್ರೀಗಂಧ, ಮಲ್ಲಿಗೆ, ನಿಂಬೆಗಳು 3:2:1ರ ಪ್ರಮಾಣದಲ್ಲಿರಬೇಕಾದರೆ ಒಂದೊಂದನ್ನೂ ಎಷ್ಟೆಷ್ಟು ತೂಗಬೇಕು? ಎರಡು: 16 ದ್ರವ್ಯಗಳಿಂದ ನಾಲ್ಕನ್ನು ಆರಿಸುವ ಬಗೆಗಳು 1820 ಎಂಬ ವರಾಹಮಿಹಿರನ ಲೆಕ್ಕವನ್ನು ಹನ್ನೊಂದು ಹನ್ನೆರಡನೆಯ ತರಗತಿಗಳವರು ಸೂತ್ರದಿಂದ ಪರಿಶೀಲಿಸಲಿ, ಕೆಳಗಿನ ತರಗತಿಗಳವರು ಆರು ದ್ರವ್ಯಗಳಿಂದ ಎರಡನ್ನು ಆರಿಸುವ ಬಗೆಗಳನ್ನು ಪಟ್ಟಿಮಾಡಿ ಎಣಿಸಲಿ. ಮೂರು: ನಿಮ್ಮ ಮನೆಯ ಕೊಳವೆಬಾವಿಯ ನೀರು, ಮಳೆನೀರು ಇವನ್ನು ಒಂದೇ ಅಳತೆಯ ಸೀಸೆಗಳಲ್ಲಿ ಅರ್ಧದಷ್ಟು ತೆಗೆದುಕೊಂಡು, ಒಂದೊಂದಕ್ಕೂ ಸಮತೂಕದ ಸಾಬೂನಿನ ಚೂರು ಹಾಕಿ, ಇಪ್ಪತ್ತು ಬಾರಿ ಕುಲುಕಿ, ನೊರೆಯ ಎತ್ತರವನ್ನು ಅಳೆದು ಬರೆಯಿರಿ, ಅನಂತರ ಸಾಬೂನಿನ ಬದಲು ನೊರೆದ್ರವವನ್ನು ಹಾಕಿ ಅದನ್ನೇ ಮತ್ತೆ ಮಾಡಿರಿ. ಅಳತೆಗಳನ್ನು ವಿಜ್ಞಾನದ ಉಪಾಧ್ಯಾಯರಿಗೆ ಒಪ್ಪಿಸತಕ್ಕದ್ದು.